ಹಿಮ್ಮಡಿ ಬೇಡದ ನೆಲ

ನನ್ನ ಚಿಕ್ಕಮ್ಮ ಮುಲುಂಡಿನಲ್ಲಿ ಮಕ್ಕಳಿಗೆ ಭರತನಾಟ್ಯ ಕಲಿಸುತ್ತಾರೆ. ಮೊದಲು ಅವರ ಫ್ಲ್ಯಾಟಿನ ಹಾಲಿನಲ್ಲೇ ತರಗತಿ ನಡೆಯುತ್ತಿತ್ತು. ಕೆಳಗಿನ ಮನೆಯವರು ಸೊಸೈಟಿಗೆ ಎರಡು ಸಲ ದೂರು ಕೊಟ್ಟ ಮೇಲೆ ಹತ್ತಿರದ ಕನ್ನಡ ಸಂಘದ ಸಭಾಂಗಣಕ್ಕೆ ಹೋದರು. ಅಲ್ಲಿ ಸಿಕ್ಕಿದ್ದು ಶನಿವಾರ ಸಂಜೆ ಐದರಿಂದ ಆರೂವರೆ. ಆರೂವರೆಗೆ ಹಿರಿಯರ ಭಜನಾ ಮಂಡಳಿ ಬರುತ್ತದೆ.

ಸಭಾಂಗಣದ ನೆಲ ಕಾಂಕ್ರೀಟಿನ ಮೇಲೆ ಹಾಕಿದ ಟೈಲ್ಸು. ಅದರ ಮೇಲೆ ತಿಂಗಳುಗಟ್ಟಲೆ ಅಡವು ಹಾಕಿದರೆ ಮೊಣಕಾಲಿನ ಕೆಳಗಿನ ಎಲುಬು ನೋಯುತ್ತದೆ. ಹನ್ನೆರಡು ವರ್ಷದ ಹುಡುಗಿಯೊಬ್ಬಳಿಗೆ ಹಾಗೇ ಆಗಿ, ಗಟ್ಟಿ ನೆಲದ ಮೇಲೆ ಕುಣಿಯುವುದೇ ಬೇಡ ಎಂದು ಡಾಕ್ಟರು ಹೇಳಿದರು. ಮತ್ತಿಬ್ಬರು ತಾಯಂದಿರು ಮಕ್ಕಳನ್ನು ತರಗತಿ ಬಿಡಿಸುವ ಮಾತಾಡಿದರು. ಆಗ ಚಿಕ್ಕಮ್ಮ ನನಗೆ ಫೋನು ಮಾಡಿದರು.

ನಾನು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಜಿಮ್‌ಗಳಿಗೂ ಪ್ರದರ್ಶನ ಮಳಿಗೆಗಳಿಗೂ ಜೋಡಿಸಿ ಬಿಚ್ಚುವ ನೆಲದ ಹಲಗೆಗಳನ್ನು ಮಾಡುವ ಒಂದು ಸಣ್ಣ ಕಂಪನಿಯಲ್ಲಿ ವಿನ್ಯಾಸದ ಕೆಲಸ ಮಾಡುತ್ತೇನೆ. ಮೇಲೆ ಪ್ಲೈವುಡ್ಡು, ಕೆಳಗೆ ರಬ್ಬರು, ಅಂಚಿನಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳುವ ಹಲ್ಲುಗಳು. ಪಕ್ಕದ ಹಲಗೆಯ ಮೇಲೆ ಹಲ್ಲು ಹೊಂದಿಸಿ, ಹಿಮ್ಮಡಿಯಿಂದ ಒಮ್ಮೆ ಜೋರಾಗಿ ತುಳಿದರೆ ಟಕ್ ಎಂದು ಕೂರುತ್ತದೆ. ಆ ಟಕ್ ಎಂಬ ಸದ್ದನ್ನು ನಮ್ಮ ಮ್ಯಾನೇಜರು ಗಿರಾಕಿಗಳಿಗೆ ಹೆಮ್ಮೆಯಿಂದ ಕೇಳಿಸುತ್ತಾರೆ. ಸ್ಯಾಂಪಲ್ಲಿಗೆಂದು ಮಾಡಿ ಮೂಲೆಯಲ್ಲಿ ಇಟ್ಟಿದ್ದ ಇಪ್ಪತ್ತನಾಲ್ಕು ಹಲಗೆಗಳನ್ನು ಕೇಳಿಕೊಂಡು ಟೆಂಪೋದಲ್ಲಿ ಮುಲುಂಡಿಗೆ ತಂದೆ. ಕಾರ್ಖಾನೆಯಲ್ಲಿ ನಾನೂ ಇನ್ನೊಬ್ಬ ಕೆಲಸಗಾರನೂ ಸೇರಿ ಅವನ್ನು ಒಂಬತ್ತು ನಿಮಿಷದಲ್ಲಿ ಹಾಸಿದ್ದೆವು. ಅದನ್ನು ಡೈರಿಯಲ್ಲಿ ಬರೆದುಕೊಂಡಿದ್ದೆ. ಹುಡುಗಿಯರು ಹದಿನಾಲ್ಕು ಜನ ಇರುವುದರಿಂದ ಇನ್ನೂ ಬೇಗ ಆಗಬೇಕು ಎಂದು ಪಕ್ಕದಲ್ಲಿ ಸೇರಿಸಿದ್ದೆ.

ಮೊದಲ ಶನಿವಾರ ಇಪ್ಪತ್ತಾರು ನಿಮಿಷ ಹಿಡಿಯಿತು. ಬಿಚ್ಚುವುದು ಮುಗಿಯುವಷ್ಟರಲ್ಲಿ ಭಜನೆಯ ಹಿರಿಯರು ಬಾಗಿಲಲ್ಲಿ ಕಾಲು ಬದಲಿಸುತ್ತ ನಿಂತಿದ್ದರು. ಸಭಾಂಗಣದ ಉಸ್ತುವಾರಿ ನೋಡಿಕೊಳ್ಳುವವರೂ ಅವರೊಳಗೆ ಒಬ್ಬರು. ಉಡುಪಿ ಕಡೆಯವರು, ಬಹಳ ವರ್ಷ ಹೋಟೆಲು ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವರು. ಕಂಕುಳಲ್ಲಿ ಹಾರ್ಮೋನಿಯಂ.

"ಟೀಚರೇ, ನಿಮ್ಮ ನೆಲ ಚಂದ ಉಂಟು. ಆದ್ರೆ ನಾವು ಮುದುಕರು ಹೀಗೆ ನಿಲ್ಲುದು ಹೇಗೆ ಮಾರಾಯ್ರೆ? ಇನ್ನೆರಡು ಶನಿವಾರ ನೋಡುವ. ಆಗದಿದ್ರೆ ಬೇರೆ ಜಾಗ ನೋಡ್ಕೊಳ್ಳಿ."

ಬೇರೆ ಜಾಗ ಇರಲಿಲ್ಲ. ಚಿಕ್ಕಮ್ಮ ಆಗಲೇ ಎರಡು ಶಾಲೆ, ಒಂದು ದೇವಸ್ಥಾನ ಕೇಳಿ ಬಂದಿದ್ದರು.

ಎರಡನೇ ಶನಿವಾರ ನಾನು ಗೋಡೆಗೊರಗಿ ಕೂತು, ಎಲ್ಲಿ ತಡವಾಗುತ್ತಿದೆ ಎಂದು ಗೆರೆ ಹಾಕುತ್ತ ಹೋದೆ. ತಪ್ಪು ಹಲಗೆ ತಂದದ್ದು, ತಿರುವುಮುರುವು ಹಿಡಿದದ್ದು, ಭಾರವೆಂದು ಕೆಳಗಿಟ್ಟದ್ದು: ಇವೆಲ್ಲ ಕೆಲವೇ ಗೆರೆಗಳು. ಬಹಳಷ್ಟು ಗೆರೆಗಳು ಬಿದ್ದದ್ದು 'ಸುಮ್ಮನೆ ನಿಂತದ್ದು' ಎಂಬಲ್ಲಿ. ಹಲ್ಲು ಹೊಂದಿಸುವವರೆಗೆ ಚುರುಕಾಗಿ ಮಾಡಿ, ಆಮೇಲೆ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು.

"ದಾದಾ, ಇದನ್ನ ನೀವು ಮಾಡಿ ನಾ."

ನಾನೆದ್ದು ತುಳಿಯುವುದು. ಟಕ್. ಅಷ್ಟರಲ್ಲಿ ಇನ್ನೊಂದು ಮೂಲೆಯಿಂದ, "ದಾದಾ, ಇಧರ್ ಭೀ!"

ಕಾಲುನೋವಿನ ಹುಡುಗಿ ಅವತ್ತು ಕುಣಿಯದೆ ಹಲಗೆ ಒಯ್ದು ಕೊಡುತ್ತಿದ್ದಳು. ಅವಳನ್ನೇ ಕೇಳಿದೆ, ನೀವೇ ಯಾಕೆ ತುಳಿಯುವುದಿಲ್ಲ ಎಂದು. ಅವಳು ನನಗೆ ಇಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿದಳು.

"ನಮಸ್ಕಾರ ಅಭೀ ತಕ್ ಮಾಡಿಲ್ಲ ಅಲ್ವಾ? ಕಾಲು ಹೇಗೆ ಇಡೋದು?"

ಕುಣಿಯುವ ಮೊದಲು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ತುಳಿಯುತ್ತೇನೆ ಕ್ಷಮಿಸು ಎಂದು ಭೂಮಿಗೆ ಹೇಳುವುದು ಇವರ ಪದ್ಧತಿ. ಅದು ನನಗೆ ಗೊತ್ತಿತ್ತು. ಚಿಕ್ಕಂದಿನಿಂದ ಚಿಕ್ಕಮ್ಮನ ಮನೆಯಲ್ಲಿ ನೋಡಿದ್ದೇ. ಆದರೆ ಅದಕ್ಕೂ ನನ್ನ ಹಲ್ಲುಗಳಿಗೂ ಸಂಬಂಧವಿದೆ ಎಂದು ಹೊಳೆದಿರಲಿಲ್ಲ. ಹಿಮ್ಮಡಿಯಿಂದ ಒದೆ ತಿಂದ ಮೇಲಷ್ಟೇ ಕೂರುವ ನೆಲವನ್ನು ನಾನು ಈ ಮಕ್ಕಳಿಗೆ ತಂದುಕೊಟ್ಟಿದ್ದೆ.

ಚಿಕ್ಕಮ್ಮನ ಹತ್ತಿರ ಹೋಗಿ, ಹಾಗಾದರೆ ಮೊದಲೇ ನಮಸ್ಕಾರ ಮಾಡಿಸಿಬಿಡಿ ಎಂದೆ.

"ಯಾತಕ್ಕ ಮಾಡಸ್ಲಿ? ಟೈಲ್ಸಿಗೆ ನಮಸ್ಕಾರ ಮಾಡಿ ಕಟಗೀ ಮ್ಯಾಲೆ ಕುಣಿಯೋದೇನೋ?"

"ಹಾಕಿದ ಹಾಗೆ ಒಂದೊಂದು ಹಲಗೆಗೂ..."

"ಅರ್ಧಾ ನೆಲಕ್ಕ ಯಾರರ ನಮಸ್ಕಾರ ಮಾಡ್ತಾರೇನ್ ತಮ್ಮಾ? ನೆಲ ಪೂರಾ ಆಗಬೇಕು, ಎಲ್ಲಾರೂ ಕೂಡಿ ನಿಂದ್ರಬೇಕು, ಒಂದ ಸಲ ಮಾಡಬೇಕು. ನೀ ತುಳಿ, ನಿನಗೇನಾಗೇದ? ನೀ ಕುಣಿಯಾವ ಅಲ್ಲ, ಏನಲ್ಲ."

ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಅಂದು ಇಪ್ಪತ್ತನಾಲ್ಕನ್ನೂ ನಾನೇ ತುಳಿದೆ. ಭಜನೆಯವರು ಮತ್ತೆ ಕಾದರು. ಉಸ್ತುವಾರಿಯ ಹಿರಿಯರು ಗೋಡೆಯ ಗಡಿಯಾರವನ್ನು ಒಮ್ಮೆ ನೋಡಿ ಒಳಗೆ ಹೋದರು.

ಮುಂದಿನ ಶನಿವಾರದೊಳಗೆ ಕಾಲಿನ ಕೆಲಸವನ್ನು ಕೈಗೆ ತರಬೇಕಿತ್ತು. ದಾದರ್‌ನಲ್ಲಿ ಲೋಕಲ್ ರೈಲು ಬದಲಿಸುವಾಗ, ಕಾಂದಿವಲಿವರೆಗೆ ಬಾಗಿಲ ಬಳಿ ನಿಂತಾಗ ಅದನ್ನೇ ಯೋಚಿಸಿದೆ. ಮಕ್ಕಳ ಅಂಗೈಗೆ ಅಷ್ಟು ಬಲವಿಲ್ಲ. ರಬ್ಬರಿನ ಸುತ್ತಿಗೆ ಕೊಡಬಹುದು, ಆದರೆ ಅದೂ ಏಟೇ. ಒಂದೇ ದಾರಿ ಉಳಿದಿತ್ತು: ಹಲಗೆ ತನ್ನ ಭಾರಕ್ಕೆ ತಾನೇ ಕೂರಬೇಕು. ಉದ್ದನೆಯ ಅಂಚಿನ ಹಲ್ಲು ತೆಗೆದು ಅಲ್ಲಿ ಕೊಕ್ಕೆಯಂಥ ತುಟಿ ಮಾಡಿದೆ. ಹಲಗೆಯನ್ನು ಓರೆಯಾಗಿ ಹಿಡಿದು ಆ ತುಟಿಯನ್ನು ಹಿಂದಿನ ಸಾಲಿನ ಅಂಚಿನಲ್ಲಿ ಕೊರೆದ ತೋಡಿಗೆ ಸಿಕ್ಕಿಸಿ ಮೆಲ್ಲಗೆ ಮಲಗಿಸುವುದು. ಮಲಗುತ್ತ ಮಲಗುತ್ತ ಅದರ ಗಿಡ್ಡ ಅಂಚಿನ ಹಲ್ಲುಗಳು ಪಕ್ಕದ ಹಲಗೆಯ ಸಂದುಗಳಿಗೆ ಮೇಲಿನಿಂದ ಇಳಿಯುತ್ತವೆ. ಬಿಗಿಯಾಗಿದ್ದರೆ ಇಳಿಯುವುದಿಲ್ಲ, ಸಡಿಲವಾಗಿದ್ದರೆ ಕುಣಿಯುವಾಗ ಕಟಕಟ ಎನ್ನುತ್ತದೆ. ನಾಲ್ಕು ಅಳತೆ ನೋಡಿದ ಮೇಲೆ, ನನ್ನ ಲೋಕಲ್ ಪಾಸಿನಷ್ಟು ದಪ್ಪ ಸಂದು ಬಿಟ್ಟಾಗ ಸರಿಯಾಯಿತು.

ಮ್ಯಾನೇಜರು ಒಂದು ಜೋಡಿಯನ್ನು ಅಲ್ಲಾಡಿಸಿ ನೋಡಿದರು. "ಢೀಲಾ ಜೋಡ್ ಬೇಚೇಗಾ ತೋ ಕಂಪ್ಲೇಂಟ್ ಆಯೇಗಾ," ಎಂದರು. ಸಡಿಲ ಜೋಡಣೆಗೆ ದೂರು ಬರುತ್ತದೆಂಬ ಭಯ ಅವರಿಗೆ. ಮಾರುವುದಕ್ಕಲ್ಲ, ಚಿಕ್ಕಮ್ಮನಿಗೆ ಎಂದೆ. ಕೆಲಸದ ಹೊತ್ತು ಮುಗಿದ ಮೇಲೆ ಅಂಚು ಕೊರೆಯುವ ಯಂತ್ರ ಬಳಸಲು ಬಿಟ್ಟರು. ಇಪ್ಪತ್ತನಾಲ್ಕನ್ನೂ ಟೆಂಪೋದಲ್ಲಿ ತರಿಸಿ, ಅಂಚು ಕೊರೆದು, ಮತ್ತೆ ಮುಲುಂಡಿಗೆ ಕಳಿಸಿದೆ.

ಮೂರನೇ ಶನಿವಾರ ಚಿಕ್ಕಮ್ಮ ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. "ಕೈ ಹಿಂದ ಕಟಗೊಂಡು ನಿಂದ್ರು. ಮುಟ್ಟೀ ಅಂದ್ರ ನೋಡು." ಹುಡುಗಿಯರು ಮೊದಲ ಸಾಲಿಗೆ ತಡವರಿಸಿದರು. ಎರಡನೆಯ ಸಾಲಿನಿಂದ, ಹಾಸಿಗೆಯ ಮೇಲೆ ಮಗು ಮಲಗಿಸುವ ಹಾಗೆ, ಇಬ್ಬಿಬ್ಬರು ಹಿಡಿದು ಇಳಿಸತೊಡಗಿದರು. ಸದ್ದಿಲ್ಲ. ಕೊನೆಯ ಹಲಗೆಯ ಒಂದು ಮೂಲೆ ಕೂರಲಿಲ್ಲ. ಕಾಲುನೋವಿನ ಹುಡುಗಿ ಬಗ್ಗಿ ಅಂಗೈಯಿಂದ ಎರಡು ಸಲ ತಟ್ಟಿದಳು, ಕೂತಿತು. ಹನ್ನೊಂದು ನಿಮಿಷ. ಆಮೇಲೆ ಎಲ್ಲರೂ ಅಂಚಿನಲ್ಲಿ ಸಾಲಾಗಿ ನಿಂತು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅವಳೂ ಸಾಲಿನಲ್ಲಿ ಸೇರಿಕೊಂಡಳು.

ಬಿಚ್ಚುವುದನ್ನು ಮಾತ್ರ ನಾನು ಕಾರ್ಖಾನೆಯಲ್ಲಿ ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಹುಡುಗಿಯರು ಜಮಖಾನೆ ಸುತ್ತುವವರಂತೆ ಬಾಗಿಲ ಕಡೆಯಿಂದ ಶುರುಮಾಡಿದರು. ಮೊದಲು ಹಾಸಿದ ಸಾಲು ಅದು. ಅದರ ಮೇಲೆ ಮುಂದಿನ ಸಾಲಿನ ತುಟಿ ಕೂತಿತ್ತು. ಎಳೆದರೆ ಬರಲಿಲ್ಲ. ಹಾರ್ಮೋನಿಯಂ ಬಾಗಿಲಿಗೆ ಬಂದಾಗಿತ್ತು. ನಾನು ಕೈ ಬಿಚ್ಚಿ ಹೊರಟೆ, ಚಿಕ್ಕಮ್ಮ ಕಣ್ಣಲ್ಲೇ ತಡೆದರು.

"ಉಲ್ಟಾ, ಉಲ್ಟಾ!" ಎಂದು ಯಾರೋ ಕೂಗಿದರು. "ಲಾಸ್ಟ್ ವಾಲಾ ಪೆಹಲೇ!"

ಎಲ್ಲರೂ ಕೊನೆಯ ಸಾಲಿನ ತುದಿಗೆ ಓಡಿದರು. ಅಲ್ಲಿಂದ ಹಲಗೆಗಳು ಒಂದರ ಹಿಂದೆ ಒಂದು ಸಲೀಸಾಗಿ ಎದ್ದವು. ವೇದಿಕೆಯ ಕೆಳಗೆ ಕೊನೆಯದನ್ನು ದೂಡಿದಾಗ ಆರೂವರೆಗೆ ಎರಡು ನಿಮಿಷವಿತ್ತು.

ಹಿರಿಯರು ಚಪ್ಪಲಿ ಬಿಟ್ಟು ಒಳಗೆ ಬಂದರು. "ಟೀಚರೇ, ಒಂದು ಸಾಲು ನಮಗೆ ಬಿಡಬಹುದಿತ್ತಲ್ಲ? ಟೈಲ್ಸು ಮಂಡಿಗೆ ತಣ್ಣಗೆ ಹೊಡೀತದೆ."

"ಬ್ಯಾಡ್ರಿ. ಇವತ್ತ ಬಿಟ್ರ ಮುಂದಿನ ವಾರ ಎತ್ತಾವ್ರು ಯಾರು ಅಂತ ನಮ್ಮ ನಿಮ್ಮ ಜಗಳ ಆಗ್ತದ."

"ಅದೂ ಸರಿಯೇ," ಎಂದು ಅವರು ನಕ್ಕು ತಮ್ಮ ಜಮಖಾನೆ ಬಿಚ್ಚಿದರು. "ಆಯ್ತು. ಶನಿವಾರ ನಿಮ್ಮದೇ. ಇನ್ನು ಕೇಳ್ಲಿಕ್ಕೆ ಬರುದು ಬೇಡ."

ಚಿಕ್ಕಮ್ಮ ಮೆಟ್ಟಿಲು ಇಳಿದು ರಸ್ತೆಗೆ ಬಂದು ರಿಕ್ಷಾಕ್ಕೆ ಕೈ ಮಾಡುತ್ತ, "ಬಿಡಸ್ತೀನಿ ಅಂದಿದ್ರಲ್ಲ, ಆ ಇಬ್ರು ತಾಯಂದಿರು ಬಿಡಸೂದಿಲ್ಲಂತ. ಮತ್ತ ಮೂರು ಹೊಸಾ ಹುಡುಗ್ಯಾರು ಕೇಳ್ಯಾರ," ಎಂದರು. "ಇನ್ನ ಆರು ಹಲಗಿ ಬೇಕು."

ಆರು ಹಲಗೆ ಎಂದರೆ ಇನ್ನೆರಡು ಮೂರು ನಿಮಿಷ ಹೆಚ್ಚು ಎಂದು ನಾನು ಲೆಕ್ಕ ಹೇಳಿದೆ.

"ಹಿಡಿಯೋ ಕೈನೂ ಆರು ಹೆಚ್ಚಾಗ್ತಾವಲ್ಲೋ," ಎಂದು ಅವರು ರಿಕ್ಷಾ ಹತ್ತಿ, ನನಗೆ ಕೂರಲು ಸರಿದು ಜಾಗ ಮಾಡಿದರು.