ಎರಡು ಕೈಯ ನಾಡಿ

ಶನಿವಾರ, ಬೆಳಗ್ಗೆ ಒಂಬತ್ತು ಗಂಟೆ, ಚನ್ನಪಟ್ಟಣದ ಆಸ್ಪತ್ರೆಯ ಹೆರಿಗೆ ವಾರ್ಡ್. ಹಾಜರಿದ್ದವರು ಡಾಕ್ಟರಮ್ಮ, ಡ್ಯೂಟಿಯಲ್ಲಿದ್ದ ಸಿಸ್ಟರ್ ನಾನು, ಹಾಸಿಗೆಯ ಮೇಲೆ ಎಂಟು ತಿಂಗಳ ಬಸುರಿ. ಅವಳ ಅತ್ತೆಯೂ ಬಂದಿದ್ದರು, ಆದರೆ ಹೊಸ್ತಿಲಿನ ಆಚೆಗೇ ನಿಂತಿದ್ದರು.

ರೇಷ್ಮೆಗೆ ಒಳ್ಳೆಯ ಬೆಲೆ ಇದ್ದ ವರ್ಷಗಳವು. ವಿರೂಪಾಕ್ಷಿಪುರದ ಕಡೆಯ ಅವರ ಮನೆಯಲ್ಲಿ ರೇಷ್ಮೆಹುಳು ಎಲೆ ತಿನ್ನುವುದು ಬಿಟ್ಟು ಹಣ್ಣಾಗಿದ್ದವು. ಹಣ್ಣಾದ ಹುಳು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಮನೆಯಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಹುಳುಗಳಿಗೆ ಫಿನಾಯಿಲ್ ವಾಸನೆ ಆಗದು; ಅದು ಸೀರೆಗೆ ಹತ್ತಿದರೆ ಹುಳುಮನೆಗೆ ಕಾಲಿಡುವಂತಿಲ್ಲ. ಅದಕ್ಕೇ ಅತ್ತೆ ವಾರ್ಡಿನೊಳಗೆ ಬರಲಿಲ್ಲ.

ಬಾಗಿಲಿನಿಂದಲೇ ವಿಷಯ ಹೇಳಿದರು. ಹುಳು ಸಾಕುವ ಅಟ್ಟಣಿಗೆಯ ಮೇಲಿನ ತಟ್ಟೆ ಇಳಿಸುವಾಗ ಸೊಸೆಗೆ ಇದ್ದಕ್ಕಿದ್ದಂತೆ ಎದೆಯಲ್ಲಿ ಹರಿದಂಥ ನೋವು ಬಂದು ಬೆನ್ನಿಗೆ ಇಳಿಯಿತಂತೆ. ಬಗ್ಗಿ ಎದ್ದು ಬೆನ್ನು ಹಿಡಿದಿದೆ ಎಂದು ಎಣ್ಣೆ ತಿಕ್ಕಿ ಶಾಖ ಕೊಟ್ಟಿದ್ದರು. ಬಸ್ ನಿಲ್ದಾಣದಿಂದ ನಡೆಸಿಕೊಂಡೇ ಬಂದಿದ್ದರು.

"ಒಸಿ ಗ್ಯಾಸಿನ ಮಾತ್ರೆ ಕೊಡಿ ಸಿಸ್ಟರಮ್ಮ, ಮುಂದಿನ ಬಸ್ಸಿಗೆ ಕರ್ಕೊಂಡೋಗ್ಬುಡ್ತೀನಿ" ಎಂದರು.

ಹೊಟ್ಟೆ ಬಿಗಿದಿರಲಿಲ್ಲ; ಹೆರಿಗೆ ನೋವಲ್ಲ. ಎದೆನೋವು ಎಂದರೆ ಎರಡೂ ಕೈಯಲ್ಲಿ ಬಿ.ಪಿ. ನೋಡುವುದು ನಮ್ಮಲ್ಲಿ ಕ್ರಮ. ಬಲಗೈಯಲ್ಲಿ ಬಹಳ ಹೆಚ್ಚಿತ್ತು, ಎಡಗೈಯಲ್ಲಿ ಬಹಳ ಕಡಿಮೆ. ಡಾಕ್ಟರಮ್ಮ ತಾವೇ ಇನ್ನೊಮ್ಮೆ ನೋಡಿದರು. ಆಮೇಲೆ ಅವಳ ಬೆರಳು ಬಿಡಿಸಿ ನೋಡಿದರು. ಹುಡುಗಿ ತೀರಾ ಎತ್ತರ, ನೀಳ ಕೈ. ಸ್ಟೂಲ್ ಇಲ್ಲದೆ ಮೇಲಿನ ತಟ್ಟೆ ಎಟುಕುತ್ತದೆಂದು ಮನೆಯವರಿಗೆ ಹೆಮ್ಮೆ. ತವರಿನಲ್ಲಿ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದರೇ ಎಂದು ಡಾಕ್ಟರಮ್ಮ ಕೇಳಿದರು. ತಾಯಿ ಹೀಗೇ ಎದೆನೋವೆಂದು ಚಿಕ್ಕ ವಯಸ್ಸಿಗೇ ಹೋದರು, ಅವರೂ ಎತ್ತರ ಎಂದಳು.

ಇಂಥ ಎತ್ತರದ, ನೀಳ ಬೆರಳಿನ ಕೆಲವು ಮನೆತನಗಳಲ್ಲಿ ರಕ್ತನಾಳ ಹುಟ್ಟಿನಿಂದಲೇ ಬಲಹೀನ; ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರ ಸೀಳಿ, ಎಡಗೈಗೆ ರಕ್ತ ಸರಿಯಾಗಿ ಹೋಗುತ್ತಿಲ್ಲದಿರಬೇಕೆಂದು ಡಾಕ್ಟರಮ್ಮ ಹೇಳಿದರು. ಸೀಳು ಹೊರಗೆ ಒಡೆದರೆ ತಾಯಿ ಮಗು ಇಬ್ಬರೂ ಉಳಿಯುವುದಿಲ್ಲ. ನೋವಿಗೆ ಇಂಜೆಕ್ಷನ್ ಕೊಟ್ಟು, ರಕ್ತದೊತ್ತಡವನ್ನೂ ಹೃದಯದ ಬಡಿತವನ್ನೂ ಇಳಿಸುವ ಔಷಧ ಶುರು ಮಾಡಿ, ಎದೆಯ ಆಪರೇಷನ್ ಮಾಡುವ ಬೆಂಗಳೂರಿನ ಆಸ್ಪತ್ರೆಗೆ ಫೋನ್ ಮಾಡಲು ಹೋದರು. ನಾನು ಅವಳನ್ನು ಎಡ ಮಗ್ಗುಲಿಗೆ ಮಲಗಿಸಿ, ಏಳಬಾರದು, ತಿಣುಕಬಾರದು ಎಂದು ಹೇಳಿದೆ.

ಗಂಡ ಹುಳುಮನೆಯಲ್ಲಿದ್ದ. ಒಪ್ಪಬೇಕಾದವರು ಅತ್ತೆ, ಅವರು ಒಪ್ಪಲಿಲ್ಲ.

"ಮಾತಾಡ್ಕೊಂಡು ಮಲಗವ್ಳೆ, ಬೆಂಗ್ಳೂರ್ಯಾಕೆ? ಅಲ್ಲಿ ಹುಳ ತಟ್ಟೆಲೇ ಗೂಡು ಕಟ್ಕೋತವೆ, ಬೆಳೆಯೆಲ್ಲ ಹಾಳಾಯ್ತದೆ."

"ಹಣ್ಣಾದ ಹುಳ ಬೆರಳಲ್ಲೇ ಗುರುತು ಹಿಡೀತೀರಲ್ಲ, ಒಳಗೆ ಬನ್ನಿ. ಸೊಸೆಯ ಎರಡೂ ಕೈ ಮುಟ್ಟಿ ನೋಡಿ" ಎಂದೆ.

ಅತ್ತೆ ನೆರಿಗೆ ಎತ್ತಿ ಹಿಡಿದು ಒಳಗೆ ಬಂದರು. ನಾಡಿ ನೋಡಲು ಬೆರಳು ಇಡುವ ಜಾಗ ತೋರಿಸಿದೆ. ಬಲಗೈ ನೋಡಿದರು, ಎಡಗೈ ನೋಡಿದರು, ಮತ್ತೆ ಬಲಗೈ, ಮತ್ತೆ ಎಡಗೈ.

"ಈ ಕೈಲಿ ಸಿಕ್ತಾನೇ ಇಲ್ವಲ್ಲ ಸಿಸ್ಟರಮ್ಮ."

ನೆರಿಗೆ ಬಿಟ್ಟು ಮಂಚದ ಪಕ್ಕ ನೆಲದ ಮೇಲೆಯೇ ಕೂತರು. "ಗಾಡಿ ಯಾವಾಗ ಬತ್ತದೆ?" ಎಂದರು.

ಸೊಸೆಯನ್ನು ಮಲಗಿಸಿದ ಆಂಬುಲೆನ್ಸಿನಲ್ಲಿ ಡಾಕ್ಟರಮ್ಮನ ಜೊತೆ ಅತ್ತೆಯೇ ಹೋದರು. ಸಂಜೆ ಡಾಕ್ಟರಮ್ಮ ಫೋನ್ ಮಾಡಿದರು: ಸ್ಕ್ಯಾನಿನಲ್ಲಿ ಸೀಳು ಕಂಡಿತ್ತು, ಮೊದಲು ಸಿಸೇರಿಯನ್ ಮಾಡಿ ಹೆಣ್ಣು ಮಗು ತೆಗೆದರು, ಅತ್ತಿತು, ತಾಯಿಯ ಎದೆಯ ಆಪರೇಷನ್ ಇನ್ನೂ ನಡೆಯುತ್ತಿತ್ತು. ಅವಳು ಉಳಿದಳೆಂದು ನನಗೆ ತಿಳಿದದ್ದು ಮರುದಿನ.

ಆ ಸಂಜೆ ಫೋನ್ ಇಟ್ಟು ವಾರ್ಡಿಗೆ ಬಂದೆ. ಅತ್ತೆ ಕೂತಿದ್ದ ಜಾಗದಲ್ಲಿ ಅವರ ಸೀರೆಯಿಂದ ಉದುರಿದ ಹಿಪ್ಪುನೇರಳೆ ಎಲೆಯ ಚೂರುಗಳು ಬಿದ್ದಿದ್ದವು. ಗುಡಿಸಿ, ಫಿನಾಯಿಲ್ ಹಾಕಿ ಒರೆಸಿ, ಮಂಚಕ್ಕೆ ಒಗೆದ ಹಾಸು ಹಾಸಿದೆ.