ಅವ್ವನ ಎತ್ತರದ ಹಿಡಿಕೆ

ಕುಷಾಯಿಗೂಡದ ನಮ್ಮ ಮನೆಯ ಬಚ್ಚಲಲ್ಲಿ ಬಾಗಿಲು ಹಾಕಿಕೊಳ್ಳಲು ನನಗೆ ಇವತ್ತಿಗೂ ಅಂಜಿಕೆ. ಈ ವಯಸ್ಸಿನಲ್ಲಿ ನಾಲ್ಕು ಮಂದಿಯ ಮುಂದೆ ಒಪ್ಪಿಕೊಳ್ಳುವ ಮಾತಲ್ಲ, ಆದರೂ ನಿಜ. ಒಳಗೆ ಯಾರೋ ಮೊದಲೇ ನಿಂತಿದ್ದಾರೆ ಅನ್ನಿಸುತ್ತದೆ. ಎರಡು ತಂಬಿಗೆ ಸುರಿದುಕೊಂಡು ಹೊರಗೆ ಬಂದುಬಿಡುತ್ತೇನೆ.

ಇದು ಶುರುವಾದದ್ದು ಹೈದರಾಬಾದ್ ಪೂರಾ ಹೈಟೆಕ್ ಸಿಟಿಯ ದಿಕ್ಕಿಗೆ ಓಡುತ್ತಿದ್ದ ವರ್ಷಗಳಲ್ಲಿ. ಕಂಪ್ಯೂಟರ್ ಕಂಪನಿಗಳು ಎದ್ದ ಕಡೆಗೇ ದೊಡ್ಡ ಅಂಗಡಿಗಳೂ ಹೋದವು. ಬೀಗ, ನಲ್ಲಿ, ಚಿಲಕ ಮಾರುವ, ಊರ ತುಂಬ ಮಳಿಗೆಗಳಿದ್ದ ಒಂದು ಹಾರ್ಡ್‌ವೇರ್ ಕಂಪನಿ ಆ ಓಟದಲ್ಲಿ ಹಿಂದೆ ಬಿದ್ದು, ಒಂದೊಂದಾಗಿ ಎಲ್ಲವನ್ನೂ ಮುಚ್ಚುತ್ತಿತ್ತು. ನಾರಾಯಣಗೂಡದ ಮಳಿಗೆಯ ಮೇಲೂ ‘ಅಂಗಡಿ ಮುಚ್ಚುವ ಮಾರಾಟ’ದ ಕೆಂಪು ಬ್ಯಾನರು ಬಂತು. ವಾರ ಕಳೆದಂತೆ ರಿಯಾಯಿತಿ ಏರುತ್ತಿತ್ತು. ಫ್ಯಾಕ್ಟರಿಯಿಂದ ನಿವೃತ್ತರಾಗಿ ಮನೆಯಲ್ಲಿ ಕೂತಿದ್ದ ಅಪ್ಪನಿಗೆ ಅದೇ ಹಬ್ಬ.

ಅವ್ವನಿಗೆ ಮೊಣಕಾಲು ನೋವು. ಒಮ್ಮೆ ಬಚ್ಚಲಲ್ಲಿ ಜಾರಿ, ಕಟ್ಟೆ ಹಿಡಿದು ಹೇಗೋ ಉಳಿದುಕೊಂಡಿದ್ದಳು. ಗೋಡೆಗೆ ಒಂದು ಹಿಡಿಕೆ ಹಾಕಿಸಿ ಎಂದು ಅಂದಿನಿಂದ ಹೇಳುತ್ತಲೇ ಇದ್ದಳು. ಅಪ್ಪ ವಾರಕ್ಕೊಮ್ಮೆ ಆ ಅಂಗಡಿಗೆ ಹೋಗಿ, ಹಿಡಿಕೆಯನ್ನು ನೋಡಿ, ನಲ್ಲಿಯ ವಾಷರನ್ನೋ ಬಲ್ಬಿನ ಹೋಲ್ಡರನ್ನೋ ಹಿಡಿದುಕೊಂಡು ಬರುತ್ತಿದ್ದರು. ನಾನು ರೇಗಿದರೆ, “ತಾಳಿದವ ಬಾಳ್ಯಾನ. ಇನ್ನೊಂದ್ ವಾರ ತಡಿ, ಇನ್ನೂ ಇಳೀತೈತಿ” ಅನ್ನುವರು. ಅಪ್ಪನ ಜಿಪುಣತನಕ್ಕೆ ಗಾದೆಗಳ ಕೊರತೆ ಎಂದೂ ಆಗಲಿಲ್ಲ.

ಒಂದು ಶನಿವಾರ ಅವ್ವ ತಾನೇ ಸೀರೆ ಉಟ್ಟು ಹೊರಟು ನಿಂತಳು. ಮೂವರೂ ಹೋದೆವು. ಅಂಗಡಿ ಅರ್ಧ ಖಾಲಿಯಾಗಿತ್ತು. ಜನ ಚಿಲಕ, ಬೀಗ, ಕಂಬಿಗಳನ್ನು ಮದುವೆ ಊಟದ ಲಾಡು ಆರಿಸಿದಂತೆ ಆರಿಸುತ್ತಿದ್ದರು. ಮಾದರಿಗೆಂದು ಇಟ್ಟಿದ್ದ ಒಂದು ಬಾಗಿಲು ಚೌಕಟ್ಟಿನ ಸಮೇತ ಗೋಡೆಗೆ ಒರಗಿತ್ತು. ಅವ್ವ ಅದನ್ನು ತೆರೆದು ನೋಡಿದಳು. ಹಿಂದೆ ಬರೀ ಗೋಡೆ. ನಕ್ಕು ಮತ್ತೆ ಮೆಲ್ಲಗೆ ಮುಚ್ಚಿದಳು.

ಹಿಡಿಕೆ ಒಂದೇ ಉಳಿದಿತ್ತು. ಸೇಲ್ಸ್‌ಮನ್ ಅದನ್ನು ಗೋಡೆಗೆ ಒತ್ತಿ ಹಿಡಿದ. ಅವ್ವ ಕೈಯಿಟ್ಟು, “ಇನ್ನೊಂಚೂರು ಕೆಳಗ. ಹಾಂ, ಇಲ್ಲಿ” ಅಂದಳು. ಆ ಹೊತ್ತಿಗೆ ಅವಳ ಮುಖದಲ್ಲಿದ್ದ ನೆಮ್ಮದಿ ನನಗೆ ಈಗಲೂ ಕಾಣುತ್ತದೆ. ಆದರೆ ಬಿಲ್ಲಿನ ಕೌಂಟರಿಗೆ ಬಂದಾಗ ಅವಳಿಗೆ ವಾರ ನೆನಪಾಯಿತು.

“ಇವತ್ತ ಶನಿವಾರ ಅಲ್ಲೇನ್ರಿ? ಕಬ್ಬಿಣ ಮನಿಗೆ ಒಯ್ಯಬಾರದು.”

ಇದು ಕಬ್ಬಿಣವಲ್ಲ, ಸ್ಟೀಲು ಎಂದು ಸೇಲ್ಸ್‌ಮನ್ ತೆಲುಗಿನಲ್ಲಿ ಹೇಳಿ, ಒಂದು ಅಯಸ್ಕಾಂತ ತಂದು ಹಚ್ಚಿ ತೋರಿಸಿದ. ಅದು ಅಂಟಲಿಲ್ಲ. ಅವ್ವ ಜಗ್ಗಲಿಲ್ಲ.

“ಸ್ಟೀಲ್ ಯಾರ ಹೊಟ್ಟ್ಯಾಗ ಹುಟ್ಟಿತೋ ತಮ್ಮಾ? ಕಬ್ಬಿಣದ ಹೊಟ್ಟ್ಯಾಗೇ ಅಲ್ಲೇನು? ನಾಳೆ ಒಯ್ತೀವಿ, ತೆಗೆದಿಡು.”

ಇಂಥ ಮಾತಿಗೆ ಸದಾ ನಗುತ್ತಿದ್ದ ಅಪ್ಪ ಅಂದು ನಗಲಿಲ್ಲ. ನಾಳೆ ಕೊನೆಯ ದಿನ, ರೇಟು ಇನ್ನೂ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. “ಹೌದೌದು, ನಾಳೆ ಬರೂಣು” ಅಂದರು. ಮದುವೆಯಾದಾಗಿನಿಂದ ಶನಿಮಹಾತ್ಮನ ವಿಷಯದಲ್ಲಿ ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದೇ ಸಲ. ಸೇಲ್ಸ್‌ಮನ್ ಹಿಡಿಕೆಗೆ ಚೀಟಿ ಕಟ್ಟಿ ಒಳಗಿಟ್ಟ.

ಭಾನುವಾರ ಬೆಳಿಗ್ಗೆ, ಅಂಗಡಿ ತೆರೆಯುವುದಕ್ಕೂ ಮುಂಚೆ, ಅವ್ವ ಬಚ್ಚಲಲ್ಲಿ ಬಿದ್ದಳು. ತಲೆಗೆ ಕಟ್ಟೆಯ ಅಂಚು ಬಡಿದಿತ್ತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹೋಗಿಬಿಟ್ಟಿದ್ದಳು.

ಬಂದವರೆಲ್ಲ ವಿಧಿ ಅಂದರು. ನನಗೆ ಅಪ್ಪ, ಅವ್ವ ಇಬ್ಬರ ಮೇಲೂ ಸಿಟ್ಟು ಬಂತು, ಸತ್ತವಳ ಮೇಲೂ.

ಮುಚ್ಚುವ ಅಂಗಡಿಗಳ ಕೊನೆಯ ದಿನ ಎಂದಾದರೂ ಕೊನೆಯದಾಗಿದೆಯೇ? ದಿನಕರ್ಮಗಳು ಮುಗಿದರೂ ಬ್ಯಾನರು ಅಲ್ಲೇ ಇತ್ತು. ಅಪ್ಪ ಒಬ್ಬರೇ ಹೋಗಿ, ಚೀಟಿ ಕಟ್ಟಿದ್ದ ಹಿಡಿಕೆಯನ್ನು ತಂದರು.

“ಇವತ್ತ ಶನಿವಾರ, ಅಪ್ಪಾ” ಅಂದೆ.

“ಗೊತ್ತೈತಿ” ಅಂದರು.

ಗೋಡೆಗೆ ತಾವೇ ತೂತು ಕೊರೆದು ಸ್ಕ್ರೂ ಬಿಗಿದರು. ಅಪ್ಪ ಆರಡಿ ಆಳು. ಹಿಡಿಕೆ ಅವರ ತೊಡೆಯ ಹತ್ತಿರ ಬಂತು. ಇಷ್ಟು ಕೆಳಗೆ ಯಾಕೆ ಎಂದು ಕೇಳಿದೆ. ಅವರು ಹಿಡಿಕೆಯನ್ನು ಎರಡು ಸಲ ಜಗ್ಗಿ ನೋಡಿದರು.

ಅದಾದ ಮೇಲೆ ಬೆಳಿಗ್ಗೆ ಬಚ್ಚಲಿನಿಂದ ಅವರ ದನಿ ಕೇಳತೊಡಗಿತು. ಮಂತ್ರ ಹೇಳುತ್ತಾರೆ ಅಂದುಕೊಂಡೆ. ಒಂದು ದಿನ ಬಾಗಿಲ ಹತ್ತಿರ ನಿಂತು ಕೇಳಿದೆ.

“ನೆಲ ಹಸೀ ಐತಿ. ಹಿಡ್ಕೊಂಡಿಯೇನು? ಗಟ್ಟಿ ಹಿಡ್ಕೋ. ಅವಸರಿಲ್ಲ… ಹಾಂ, ಬಾ ಈಗ.”

ಬಾಗಿಲು ತೆರೆಯಿತು. ಅಪ್ಪನ ಮೈ ಒಣಗಿಯೇ ಇತ್ತು. ನನ್ನನ್ನು ನೋಡಿದರೂ ಬಾಗಿಲನ್ನು ಕೈಯಲ್ಲಿ ತಡೆದು ಹಿಡಿದು, ಹಿಂದಿನಿಂದ ಬರುವವರಿಗೆ ದಾರಿ ಬಿಟ್ಟು ನಿಂತರು. ನಾನೂ ಗೋಡೆಗೆ ಸರಿದು ನಿಂತೆ.