ಒಪ್ಪತ್ತಿನ ದಿನದ ಮಾತ್ರೆ

ಬಸ್ಸಿನಲ್ಲಿ ಕೂತು ಕೂತು ನನ್ನ ಸೊಂಟ ಹೋದದ್ದು ಅರವತ್ತರ ದಶಕದ ಕೊನೆಯಲ್ಲಿ. ಈಗಲೂ ಬಗ್ಗಿ ಕೊಡ ಎತ್ತುವಾಗ ಕುಣಿಗಲ್ ರಸ್ತೆ ನೆನಪಾಗುತ್ತದೆ. ಆಗ ನಾನು ತುಮಕೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನರ್ಸ್. ಮನೆ ಗುಬ್ಬಿಯಲ್ಲಿ. ನಮ್ಮಲ್ಲಿ ಆರು ಮಂಚ, ಇಬ್ಬರು ನರ್ಸು, ಒಬ್ಬರೇ ಡಾಕ್ಟರು. ಅವರು ಮನಸ್ಸಿನ ಕಾಯಿಲೆಗೆ ಓದಿ ಬಂದವರು, ಆದರೆ ಬೋರ್ಡಿನಲ್ಲಿ ‘ನರಗಳ ಚಿಕಿತ್ಸೆ’ ಎಂದು ಬರೆಸಿದ್ದರು. ಹುಚ್ಚಿನ ಡಾಕ್ಟರು ಅಂತ ಹಾಕಿಕೊಂಡರೆ ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇರುವವರು ಯಾರು ಆ ಬಾಗಿಲು ತುಳಿಯುತ್ತಾರೆ, ಹೇಳಿ.

ಮಂಕು ಹಿಡಿದು, ಊಟ ನಿದ್ದೆ ಬಿಟ್ಟು ಗೋಡೆ ನೋಡುತ್ತಾ ಕೂತವರಿಗೆ ಆಗ ಹೊಸದಾಗಿ ಒಂದು ಮಾತ್ರೆ ಬಂದಿತ್ತು. ಈಗಿನವರು ಅದನ್ನು ಹಳೆಯ ಕಾಲದ್ದು ಅನ್ನುತ್ತಾರೆ. ಒಳ್ಳೆಯ ಮಾತ್ರೆಯೇ, ಆದರೆ ಕಾಟ ಬಹಳ. ಬಾಯಿ ಒಣಗುತ್ತದೆ, ಮಲಬದ್ಧತೆ, ತಟ್ಟನೆ ಎದ್ದರೆ ಕಣ್ಣು ಕತ್ತಲೆ. ಗುಬ್ಬಿಯಲ್ಲಿ ಒಬ್ಬ ರಿಟೈರ್ಡ್ ಮೇಷ್ಟರಿಗೆ ಮೂತ್ರವೇ ಕಟ್ಟಿಕೊಂಡು, ಅವತ್ತಿನಿಂದಲೇ ಮಾತ್ರೆ ನಿಲ್ಲಿಸಬೇಕಾಯಿತು. ಇಷ್ಟೆಲ್ಲ ಸಹಿಸಿಕೊಂಡರೂ ಗುಣ ಕಾಣಲು ಎರಡು ಮೂರು ವಾರ. ಒಟ್ಟಿಗೆ ಹೆಚ್ಚು ನುಂಗಿದರೆ ಮಾತ್ರ ಕಾಯುವುದೇನೂ ಇಲ್ಲ, ನೇರ ಹೃದಯಕ್ಕೇ ಏಟು.

“ಸಾಯ್ಬೇಕು ಅನ್ಸೋ ಕಾಯಿಲೆಗೆ ಕೊಡೋ ಔಷಧಿ ಇದು, ಸಿಸ್ಟರ್,” ಎಂದು ಡಾಕ್ಟರು ಹೇಳಿದ್ದರು. “ಒಂದು ವಾರಕ್ಕಿಂತ ಜಾಸ್ತಿ ಯಾರ ಮನೇಲೂ ಇರಕೂಡದು. ಮನೆಯ ಹಿರಿಯರ ಕೈಗೆ ಕೊಡಿ. ಅವರೇ ಎದುರಿಗೆ ನಿಂತು ನುಂಗಿಸ್ಲಿ.”

ನಿಯಮ ಅವರದು, ಕಾಲು ನನ್ನದು. ವಾರವಾರ ತುಮಕೂರಿಗೆ ಬರಲಾಗದವರ ಮನೆಗೆ ನಾನೇ ಪೊಟ್ಟಣ ಒಯ್ಯಬೇಕು. ಮಂಗಳವಾರದ ಪಾಳಿ ಕೊತ್ತಗೆರೆಯದು. ಬೆಳಿಗ್ಗೆ ಗುಬ್ಬಿಯಿಂದ ತುಮಕೂರು, ಅಲ್ಲಿಂದ ಕುಣಿಗಲ್, ಅಲ್ಲಿ ಇನ್ನೊಂದು ಬಸ್ಸಿಗೆ ಬಿಸಿಲಿನಲ್ಲಿ ಕಾಯುವುದು. ನನ್ನ ಕರ್ಮ! ವಾಪಸು ಬರಲು ಮೂರೂವರೆಯ ಬಸ್ಸು ತಪ್ಪಿದರೆ ಗುಬ್ಬಿ ಸೇರುವುದು ಯಾವಾಗಲೋ.

ಕೊತ್ತಗೆರೆಯ ಆ ಮನೆಯ ಸೊಸೆಗೆ ಇಪ್ಪತ್ತೆರಡು ವರ್ಷವಿರಬಹುದು. ಬೆಳ್ಳಾವಿ ಕಡೆಯ ಹುಡುಗಿ. ಚೊಚ್ಚಲ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ. ಅದಾದ ಮೇಲೆ ಬಾವಿಕಟ್ಟೆಯ ಮೇಲೆ ಹತ್ತಿ ನಿಂತಿದ್ದವಳನ್ನು ಅತ್ತೆಯೇ ಸೆರಗು ಹಿಡಿದು ಎಳೆದು ಉಳಿಸಿದ್ದಳು. ಆ ಅತ್ತೆಯ ಕೈಗೇ ನಾನು ಮಾತ್ರೆ ಕೊಟ್ಟದ್ದು. “ರಾತ್ರಿ ಊಟ ಆದ್ಮೇಲೇ ಕೊಡಿ ಅಮ್ಮಾ, ಖಾಲಿ ಹೊಟ್ಟೇಲಿ ಬೇಡ,” ಎಂದು ಹೇಳಿದ್ದೆ. ಆಕೆ ದೇವರ ಗೂಡಿನಲ್ಲಿ ಇಟ್ಟುಕೊಂಡು ಅಷ್ಟೇ ಶ್ರದ್ಧೆಯಿಂದ ಕೊಡುತ್ತಿದ್ದಳು. ಮುಂದಿನ ವಾರ ಖಾಲಿ ಪೊಟ್ಟಣ ನನ್ನ ಕೈಗಿಡುವಳು. ನಾನು ಜಗಲಿಯ ಮೇಲೆ ಕೂತು ಕೇಳುವೆ, “ತಪ್ಪದೆ ತಗೊಂಡ್ಲಾ?” “ಹೂಂ ನರ್ಸಮ್ಮ, ನೀವು ಹೇಳ್ದಂಗೇ.” ಸೊಸೆಯ ರಕ್ತದೊತ್ತಡ ನೋಡುವೆ, ನಾಲಿಗೆ ನೋಡುವೆ, ಮಜ್ಜಿಗೆ ಕುಡಿದು ಎದ್ದುಬಿಡುವೆ. ಎರಡು ತಿಂಗಳು ಹೀಗೇ ನಡೆಯಿತು.

ಹುಡುಗಿ ಮಾತ್ರ ಗೆಲುವಾಗಲಿಲ್ಲ. “ಸರಿಯಾಗಿ ತಗೋತಿದ್ದಾಳಾ?” ಎಂದು ಡಾಕ್ಟರು ಕೇಳಿದರು. “ಒಂದು ದಿನಾನೂ ತಪ್ಪಿಲ್ಲ ಡಾಕ್ಟ್ರೇ,” ಅಂದೆ. ಅಷ್ಟು ಧೈರ್ಯವಾಗಿ ಹೇಳಿದೆನಲ್ಲ, ನೆನೆದರೆ ಈಗಲೂ ಮೈ ಉರಿಯುತ್ತದೆ. ನನ್ನ ಮಾತು ನಂಬಿ ಅವರು ಮಾತ್ರೆ ಹೆಚ್ಚು ಮಾಡಿ ಬರೆದುಕೊಟ್ಟರು.

ಆ ಹೆಚ್ಚಿನ ಪೊಟ್ಟಣ ಒಯ್ಯಬೇಕಿದ್ದ ಮಂಗಳವಾರ ನನಗೆ ಜ್ವರ. ಇನ್ನೊಬ್ಬ ನರ್ಸು ಮಂಚದ ರೋಗಿಗಳನ್ನು ಬಿಟ್ಟು ಹೋಗುವಂತಿರಲಿಲ್ಲ. ನಾನು ಎದ್ದು ಹೊರಟದ್ದು ಶನಿವಾರ. ಹುಡುಗಿಗೆ ನಾಲ್ಕು ದಿನದಿಂದ ಮಾತ್ರೆಯಿಲ್ಲ, ಏನಾಗಿದೆಯೋ ಎಂದು ದಾರಿಯುದ್ದಕ್ಕೂ ಅದೇ ಯೋಚನೆ. ಅಂಗಳದಲ್ಲೇ ಕೈ ಮುಗಿದು “ತಪ್ಪಾಯ್ತಮ್ಮಾ, ಮಾತ್ರೆ ಮುಗಿದುಹೋಗಿರ್ಬೇಕು” ಅಂದೆ.

ಅತ್ತೆ ನಕ್ಕಳು. “ಯೋಚ್ನೆ ಬುಡಿ ನರ್ಸಮ್ಮ. ಬೇಕಾದಷ್ಟವೆ.”

ಒಳಗೆ ಹೋಗಿ ದೇವರ ಗೂಡಿನಿಂದ ಒಂದು ಹಿತ್ತಾಳೆ ಡಬ್ಬಿ ತಂದು ಮುಚ್ಚಳ ತೆಗೆದಳು. ಅರ್ಧ ಡಬ್ಬಿ ಮಾತ್ರೆ! ಜಗಲಿಯ ಮೇಲೆ ಕೂತು ಎಣಿಸತೊಡಗಿದೆ.

“ಇವೆಲ್ಲಿಂದ ಬಂದ್ವಮ್ಮಾ?”

“ಸೋಮ್ವಾರ, ಶನಿವಾರ ನಾವು ಅತ್ತೆ ಸೊಸೆ ಒಪ್ಪತ್ತು ಅಲ್ವಾ? ಮಧ್ಯಾಹ್ನ ಒಂದ್ ಹೊತ್ತು ಉಂಡ್ರೆ ಆಯ್ತು, ರಾತ್ರಿ ಊಟ ಇಲ್ಲ. ಊಟ ಇಲ್ದೆ ಕೊಡಬ್ಯಾಡಿ ಅಂತ ನೀವೇ ಹೇಳಿದ್ರಲ್ಲ. ಮದ್ದು ಬಿಸಾಕೋದು ಪಾಪ ಅಂತ ಎತ್ತಿಟ್ಟೆ.”

ವಾರಕ್ಕೆ ಎರಡು ರಾತ್ರಿ. ಮಾತ್ರೆ ಹಿಡಿಯದೆ ಇದ್ದದ್ದು ಯಾಕೆಂದು ಈಗ ತಿಳಿಯಿತು. ಇನ್ನೂ ಹೆಚ್ಚು ಮಾಡಿದ ಪೊಟ್ಟಣ ನನ್ನ ಚೀಲದಲ್ಲಿತ್ತು. ಒಂದು ವಾರದ್ದಕ್ಕಿಂತ ಹೆಚ್ಚು ಯಾವ ಮನೆಯಲ್ಲಿ ಇರಲೇಬಾರದಿತ್ತೋ ಅದೇ ಮನೆಯಲ್ಲಿ ಅರ್ಧ ಡಬ್ಬಿ. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ತಪ್ಪಿಗೆ ಆಕೆಯ ಮೇಲೆ ಹರಿಹಾಯ್ದೆ. “ಒಂದ್ ಮಾತು ಕೇಳ್ಬಾರ್ದಿತ್ತಾ? ಬಾವಿಯಿಂದ ಎಳೆದು ತಂದು ಮನೇಲಿ ಇದನ್ನ ಇಟ್ಕೊಂಡಿದ್ದೀರಲ್ಲ!” ಆ ಹೆಂಗಸಿಗೆ ಅರ್ಥವಾದದ್ದು ಆಗಲೇ. ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. “ಅಯ್ಯೋ ಶಿವನೇ, ನನ್ ಕೈಯಾರೆ ಇಟ್ನಲ್ಲಾ,” ಎಂದಳು.

“ಅತ್ತೇನ ಬೈಬ್ಯಾಡಿ ಅಕ್ಕಾ.”

ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಎರಡು ತಿಂಗಳಲ್ಲಿ ಅವಳು ನನ್ನೊಡನೆ ತಾನಾಗಿ ಆಡಿದ ಮೊದಲ ಮಾತು ಅದು.

“ಆ ಡಬ್ಬಿ ನಂಗೆ ಗೊತ್ತಿತ್ತು. ದೀಪ ಹಚ್ಚಕ್ಕೋದಾಗೆಲ್ಲಾ ನೋಡ್ತಿದ್ದೆ. ನೀವು ಬಂದಾಗ ಹೇಳಾನ ಅನ್ಕತಿದ್ದೆ. ನೀವು ಅತ್ತೇನ ಕೇಳಿ, ಬಸ್ಸು ಅಂತ ಹೊಂಟೋಗ್ತಿದ್ರಿ. ಮುಂದಿನ್ ಮಂಗಳವಾರ ನನ್ನ ಕೇಳ್ತಾರೇನೋ ನೋಡಾನ ಅಂತ ಒಂದೊಂದ್ ವಾರ ತಳ್ದೆ.” ಡಬ್ಬಿಯ ಕಡೆ ನೋಡಿ ಅಂದಳು, “ಈ ಮಂಗಳವಾರ ನೀವು ಬರ್ಲೇ ಇಲ್ಲ.”

ಅತ್ತೆ ಅಲ್ಲೇ ಕುಕ್ಕರಿಸಿ ಅತ್ತಳು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಡಬ್ಬಿಯನ್ನೂ ಹೊಸ ಪೊಟ್ಟಣವನ್ನೂ ವಾಪಸು ತಂದು ಡಾಕ್ಟರ ಮೇಜಿನ ಮೇಲಿಟ್ಟು ಇದ್ದದ್ದನ್ನೆಲ್ಲ ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಹೆಚ್ಚು ಮಾಡಿದ್ದನ್ನು ಹೊಡೆದುಹಾಕಿ ಮೊದಲಿನಷ್ಟೇ ಬರೆದರು. ಒಪ್ಪತ್ತಿನ ರಾತ್ರಿ ಒಂದು ಲೋಟ ಹಾಲಿನ ಜೊತೆ ಕೊಡಲಿ ಅಂದರು. ಮೊದಲಿನ ಅಳತೆಯ ಪೊಟ್ಟಣವನ್ನು ಮಾರನೆಯ ದಿನವೇ ಒಯ್ದು ಕೊಟ್ಟು ಬಂದೆ.

ಮಂಗಳವಾರ ಮತ್ತೆ ಹೋದೆ. ಜಗಲಿಯಲ್ಲಿ ಕೂರಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ, ಅವರೆಕಾಯಿ ಬಿಡಿಸುತ್ತಿದ್ದ ಅವಳ ಪಕ್ಕ ನೆಲದ ಮೇಲೆ ಕೂತು, ನಾನೂ ನಾಲ್ಕು ಕಾಯಿ ಕೈಗೆ ತೆಗೆದುಕೊಂಡು ಕೇಳಿದೆ: “ಹೆಂಗಿದೀಯಮ್ಮಾ?”

ಅವಳು ಹೇಳಲು ಶುರುಮಾಡಿದಳು. ಮೂರೂವರೆಯ ಬಸ್ಸು ಹೋದದ್ದು ಇಬ್ಬರಿಗೂ ಕೇಳಿಸಿತು.